ನಾಲ್ಕು ಬೆರಳು ತಗ್ಗಿಸಿದ ಕಾರು

ಮರಳೂರು, ತುಮಕೂರು
೧೨ನೇ ಅಕ್ಟೋಬರ್ ೨೦೨೫, ಭಾನುವಾರ

ಚಿರಂಜೀವಿ ಸೋಮಶೇಖರನಿಗೆ,

ನಿನ್ನ ಹೆಸರಿನ ಹಿಂದೆ ಗೀಚಿ ಹೊಡೆದುಹಾಕಿರುವುದು 'ಪ್ರೀತಿಯ' ಎನ್ನುವ ಪದ. ಅಭ್ಯಾಸಬಲದಿಂದ ಕೈ ಬರೆದುಬಿಟ್ಟಿತು, ಆಮೇಲೆ ನೆನಪಾಗಿ ಹೊಡೆದೆ. ಆಶೀರ್ವಾದ ಮಾತ್ರ ಇರಲಿ, ಹೆತ್ತ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಹೇಗಿದ್ದೀಯ? ಸೊಂಟ ಹೇಗಿದೆ? ದಸರಾ ರಜೆಯಲ್ಲಿ ನನ್ನ ಕಾರಿನ ಕೆಳಗೆ ಅಂಗಾತ ಮಲಗಿ ಮಲಗಿ ಸೊಂಟ ಹಿಡಿದುಕೊಂಡಿತು ಎಂದು ನರಳುತ್ತಿದ್ದೆಯಲ್ಲ, ನಾನು ಪೆದ್ದಿ, ನೀಲಗಿರಿ ಎಣ್ಣೆ ಬಿಸಿ ಮಾಡಿ ಉಜ್ಜಿದೆ. ಆ ನೋವು ಇನ್ನೂ ಇದ್ದರೆ ಇರಲಿ ಬಿಡು, ನಾಲ್ಕು ದಿನ ಅನುಭವಿಸು. ದೀಪಿಕಾಳ ಕೆಮ್ಮು ಹೋಯಿತೇ? ಜೇನುತುಪ್ಪಕ್ಕೆ ಮೆಣಸಿನ ಪುಡಿ ಕಲಸಿ ಕೊಡು, ನನ್ನ ಸೊಸೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಿಮ್ಮಪ್ಪ ಚೆನ್ನಾಗಿದ್ದಾರೆ. ಶುಗರ್ ಸರಿಯಾಗಿದೆ, ನಿದ್ದೆ ಸರಿಯಾಗಿದೆ, ಬೆನ್ನುಮೂಳೆ ಮಾತ್ರ ಇಲ್ಲ, ಅದು ಮದುವೆಯಾದಾಗಲೂ ಇರಲಿಲ್ಲ. ನನಗೆ ಬಿ.ಪಿ. ಏರಿದೆ. ಡಾಕ್ಟರು ಏನಾದರೂ ಟೆನ್ಷನ್ ಮಾಡಿಕೊಂಡಿದ್ದೀರಾ ಎಂದು ಕೇಳಿದರು. ಮಗ ಒಬ್ಬನಿದ್ದಾನೆ ಅಂದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನಗೆ ಬೇಡದ ಮಾತು ಬಂದ ಕೂಡಲೇ 'ಅಮ್ಮಾ, ಕ್ಲಾಸಿದೆ, ಆಮೇಲ್ ಮಾಡ್ತೀನಿ' ಎಂದು ಇಟ್ಟುಬಿಡುತ್ತೀಯ. ನಾನೂ ಹೈಸ್ಕೂಲಿನಲ್ಲಿ ಫಿಸಿಕ್ಸ್ ಹೇಳಿ ರಿಟೈರ್ ಆದವಳು, ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಕ್ಲಾಸು ತೆಗೆದುಕೊಳ್ಳುವ ಮೇಷ್ಟ್ರನ್ನು ಎಲ್ಲೂ ಕಂಡಿಲ್ಲ. ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹಾಗೆ ಇರಬಹುದೇನೋ. ಕಾಗದವನ್ನಾದರೆ ನೀನು ಮಧ್ಯದಲ್ಲಿ ಕಟ್ ಮಾಡಲು ಆಗುವುದಿಲ್ಲ. ಹರಿದರೆ ಹರಿ, ಇನ್ನೊಂದು ಬರೆಯುತ್ತೇನೆ.

ದಸರಾಕ್ಕೆ ಬಂದಾಗ ನಿನ್ನ ಕಾರಿನ ಡಿಕ್ಕಿ ತುಂಬ ಸಾಮಾನು ತಂದಿದ್ದೆ. 'ಅಮ್ಮಾ, ನಿನ್ ಕಾರಿನ ಸಸ್ಪೆನ್ಷನ್ ಪೂರ್ತಿ ಹೋಗಿದೆ, ರಬ್ಬರೆಲ್ಲ ಪುಡಿ ಪುಡಿ. ತಿಮ್ಮೇಶನ ಗ್ಯಾರೇಜಲ್ಲಿ ನಾನೇ ನಿಂತು ಹೊಸದು ಹಾಕಿಸ್ತೀನಿ, ನೀನು ದೊಡ್ಡಮ್ಮನ ಮನೇಲಿ ಎರಡು ದಿನ ಆರಾಮಾಗಿದ್ದು ಬಾ' ಎಂದೆ. ಆಗಲೇ ಕೀ ತೆಗೆದು ನಿನ್ನ ಕೈಗಿಟ್ಟೆ ಕಣೋ. ಆ ಕಾರನ್ನು ಮನೆಗೆ ತಂದ ದಿನದಿಂದ ಅದಕ್ಕೆ ಗುಜರಿ ಎಂದು ಹೆಸರಿಟ್ಟವನು ನೀನು. ಅಂಥವನು ಅದರ ಕೆಳಗೆ ಮಲಗುತ್ತೇನೆ ಎಂದರೆ ಯಾವ ತಾಯಿ ಬೇಡ ಎನ್ನುತ್ತಾಳೆ? ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಅಕ್ಕನ ಮುಂದೆ ಬೀದಿಯವರಿಗೆಲ್ಲ ಕೇಳುವ ಹಾಗೆ ಹೊಗಳಿಕೊಂಡೆ. ಅಕ್ಕನ ಮುಖ ಅರಳಿತು. 'ನಮ್ ಸೋಮು ಚಿನ್ನ ಕಣೆ ಸರ್ವಿ, ನೀನೇ ಸುಮ್‌ಸುಮ್ನೆ ಅವ್ನ್ ಮೇಲೆ ಸಿಡುಕ್ತೀಯ' ಎಂದು ನನ್ನನ್ನೇ ಬೈದಳು. ಅವಳು ಹಾಗೆ ಹೇಳುವವಳೇ. ನನಗೆ ಪಾವಗಡಕ್ಕೆ ಪೋಸ್ಟಿಂಗ್ ಆದಾಗ ಐದು ವರ್ಷ ನಿನ್ನನ್ನು ಸಾಕಿದವಳು ಅವಳು. ಸ್ವಂತ ಗಂಡುಮಕ್ಕಳು ಇಬ್ಬರಿದ್ದರೂ 'ನನ್ ಮಗ' ಎಂದು ಅವಳು ಹೇಳುವುದು ನಿನ್ನನ್ನೇ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದು.

ವಾಪಸ್ ಬಂದು ನೋಡಿದರೆ ಕಾರು ಹೊಟ್ಟೆ ನೆಲಕ್ಕೆ ಹಾಕಿಕೊಂಡು ಕೂತಿತ್ತು. ನಾಲ್ಕು ಬೆರಳು ತಗ್ಗಿತ್ತು. ಚಕ್ರಗಳ ತಲೆ ಮಡ್‌ಗಾರ್ಡಿನ ಒಳಗೆ ಮುಚ್ಚಿಹೋಗಿತ್ತು. ನನಗೆ ಆಗಲೇ ಕಸಿವಿಸಿಯಾಯಿತು. 'ಸ್ಪೋರ್ಟ್ಸ್ ಕಾರ್ ಅಂದ್ರೆ ಹಿಂಗೇ ನೆಲಕ್ಕೆ ಅಂಟ್ಕೊಂಡಿರ್ಬೇಕು ಅಮ್ಮಾ. ಗ್ರಿಪ್ ಬರುತ್ತೆ, ನಿನ್ ಸೇಫ್ಟಿಗೇ' ಎಂದು ನಕ್ಕೆ. ಮಗ ಪ್ರೀತಿಯಿಂದ ಮಾಡಿದ್ದನ್ನು ಕೆದಕಿ ನೋಡಬಾರದು ಎಂದು ಬಾಯಿ ಮುಚ್ಚಿಕೊಂಡೆ. ಆಯುಧಪೂಜೆಗೆ ನೀನೇ ಸೇವಂತಿಗೆ ಹಾರ ಹಾಕಿದೆ, ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ, ಬೂದುಗುಂಬಳ ಒಡೆದೆ, ನನ್ನ ಕಾಲಿಗೂ ಬಿದ್ದೆ. ಬಿದ್ದಾಗ ನಿನ್ನ ಮುಖ ನನಗೆ ಕಾಣಲಿಲ್ಲ, ಕಂಡಿದ್ದರೆ ಗೊತ್ತಾಗುತ್ತಿತ್ತು. ಮಾರನೆ ದಿನ ಬೆಳಗ್ಗೆ ಕಾಫಿ ಕುಡಿದವನೇ ಹೊರಟೆ. ಅಷ್ಟು ಅವಸರ ಯಾಕೆ ಎಂದು ಆಗ ಅರ್ಥವಾಗಲಿಲ್ಲ.

ಆ ಕಾರು ನನಗೆ ಏನು ಎಂದು ನಿನಗೆ ಗೊತ್ತಿದೆ, ಗೊತ್ತಿದ್ದೇ ಮಾಡಿದ್ದೀಯ, ಆದ್ದರಿಂದ ಇನ್ನೊಮ್ಮೆ ಓದಿಸುತ್ತೇನೆ. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಒಬ್ಬ ಕುದುರೆ ಡಾಕ್ಟರಿದ್ದರು, ಅವರ ಹೆಂಡತಿ ಸಂಜೆ ಹೊತ್ತು ತಲೆಗೆ ಬಟ್ಟೆ ಕಟ್ಟಿಕೊಂಡು ಈ ಎರಡು ಸೀಟಿನ ಇಂಗ್ಲಿಷ್ ಕಾರನ್ನು ಟಾಪು ಮಡಚಿ ಕೆರೆ ಏರಿ ಮೇಲೆ ಓಡಿಸುತ್ತಿದ್ದರು. ನಾನೂ ಅಕ್ಕನೂ ಲಂಗ ಎತ್ತಿ ಕಟ್ಟಿ ಬಟ್ಟೆ ಒಗೆಯುವುದನ್ನು ಬಿಟ್ಟು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಒಂದು ಸಲ ಆಕೆ ಕಾರು ನಿಲ್ಲಿಸಿ 'ಬರ್ತೀರೇನ್ರೇ' ಎಂದು ಕರೆದರು. ನಾವು ಹೆದರಿ ಓಡಿಹೋದೆವು. ಆಮೇಲೆ ಎಷ್ಟು ವರ್ಷ ಆ ಓಡಿಹೋದದ್ದನ್ನೇ ನೆನೆಸಿಕೊಂಡು ಹಲುಬಿದ್ದೇವೋ. ರಿಟೈರ್ ಆದ ಮೇಲೆ ಅದೇ ಕಾರು ಡಾಕ್ಟರ ಮೊಮ್ಮಕ್ಕಳ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿದೆ ಎಂದು ಕೇಳಿ ನಾನು ಕೊಂಡೆ. ಯಾರಪ್ಪನ ದುಡ್ಡೂ ಅಲ್ಲ, ನನ್ನದು. ಸೋಮವಾರ ಬಂದರೆ ನಾನು ಗುಬ್ಬಿಗೆ ಹೋಗಬೇಕು, ಅಕ್ಕ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ಕೂತಿರಬೇಕು, ಇಬ್ಬರೂ ಚನ್ನಬಸವೇಶ್ವರನ ಗುಡಿಗೆ ಹೋಗಿ ಅಲ್ಲಿಂದ ಎಲ್ಲಿಗಾದರೂ ಹೋಗಬೇಕು. ಒಂದೊಂದು ಸಲ ಕುಣಿಗಲ್ ಕೆರೆಯವರೆಗೂ. ಗಂಡ ಹೋದ ಮೇಲೆ, ಕೊಬ್ಬರಿ ವ್ಯಾಪಾರವನ್ನು ಮಕ್ಕಳು ಕೈಗೆ ತೆಗೆದುಕೊಂಡ ಮೇಲೆ, ಅಕ್ಕನಿಗೆ ಮನೆಯಿಂದ ಹೊರಗೆ ಕಾಲಿಡಲು ಇದ್ದದ್ದು ಇದೊಂದೇ ನೆಪ. ಸೊಸೆಯರು 'ಅತ್ತೆ ಇವತ್ತು ರೌಂಡ್ಸ್' ಎಂದು ನಗುತ್ತಿದ್ದರು. ನಗಲಿ, ಅವಳಿಗೂ ಖುಷಿಯೇ.

ವಿಜಯದಶಮಿಯ ದಿನ ಅಕ್ಕನಿಗೆ ಬನ್ನಿ ಕೊಡಲು ಹೊರಟೆ. ಹಿಂದಿನ ದಿನ ಊರೆಲ್ಲ ಒಡೆದ ಬೂದುಗುಂಬಳಗಳು ರಸ್ತೆ ತುಂಬ ಬಿದ್ದಿದ್ದವಲ್ಲ, ಬೇರೆಯವರ ಕಾರು ಅದರ ಮೇಲೆ ಸಲೀಸಾಗಿ ಹೋಗುತ್ತದೆ. ನೀನು ಸೇಫ್ಟಿ ಮಾಡಿಕೊಟ್ಟ ಕಾರಿನ ಹೊಟ್ಟೆಗೆ ಬಿ.ಹೆಚ್. ರಸ್ತೆಯಲ್ಲಿ ಒಂದು ದೊಡ್ಡ ಹೋಳು ಸಿಕ್ಕಿಕೊಂಡು, ಕುಂಕುಮ ಸುರಿದಿದ್ದ ಹೋಳು, ಗರಗರ ಸದ್ದು ಮಾಡುತ್ತ ಹಿಂದೆಲ್ಲ ಕೆಂಪು ಗೆರೆ ಎಳೆಯುತ್ತ ಬಂತು. ಟೌನ್‌ಹಾಲ್ ಸರ್ಕಲಿನಲ್ಲಿ ಪೊಲೀಸಿನವನು ಓಡಿಬಂದು 'ಏನಮ್ಮಾ, ಯಾರ್ನ ಎಳ್ಕೊಂಡ್ ಬರ್ತಾ ಇದೀರಾ?' ಎಂದ. ನನ್ನ ಹಳೇ ಶಿಷ್ಯೆಯರು ಇಬ್ಬರು ಸ್ಕೂಟರಿನಲ್ಲಿ ನಿಂತು ಮೊಬೈಲಿನಲ್ಲಿ ಹಿಡಿದುಕೊಂಡರು. ನಾನು ರಸ್ತೆಯಲ್ಲಿ ಮಂಡಿಯೂರಿ, ರೇಷ್ಮೆ ಸೀರೆಯಲ್ಲಿ, ಕೊಡೆಯ ಹಿಡಿಯಿಂದ ಆ ಕುಂಬಳವನ್ನು ಎಳೆದು ತೆಗೆದೆ. ಅಲ್ಲಿಂದ ಗುಬ್ಬಿಯವರೆಗೆ ಒಂದೊಂದು ಹಂಪಿನಲ್ಲೂ ಕೆಳಗೆ ಕೆರೆದು ಕೆರೆದು ನನ್ನ ಹಲ್ಲು ಜುಮ್ಮೆಂದಿತು. ಆದರೂ ನಿನ್ನ ಮೇಲೆ ಅನುಮಾನ ಬರಲಿಲ್ಲ. ಹೊಸ ಸಾಮಾನು, ಇನ್ನೂ ಹದಕ್ಕೆ ಬಂದಿಲ್ಲ ಎಂದುಕೊಂಡೆ.

ಅಕ್ಕ ಕೂರುವುದೇನೋ ಕೂತಳು. ಕೂತಳು ಎನ್ನುವುದಕ್ಕಿಂತ ಬಿದ್ದಳು ಎನ್ನಬೇಕು. ಗುಡಿಯ ಮುಂದೆ ನಿಲ್ಲಿಸಿ ಎಂದಿನಂತೆ ಕೈ ಕೊಟ್ಟೆ. ಎಂದಿನಂತೆ ಎರಡೂ ಕಾಲು ಹೊರಗೆ ಹಾಕಿ, ಕೈ ಹಿಡಿದು, 'ಶಿವಾ' ಎಂದು ಮೇಲೇಳಲು ನೋಡಿದಳು. ಆಗಲಿಲ್ಲ. ಮಂಡಿ ಎದೆಗಿಂತ ಮೇಲಿದ್ದರೆ ಯಾರು ತಾನೇ ಏಳುತ್ತಾರೆ? ಇನ್ನೊಮ್ಮೆ ನೋಡಿದಳು, ಮತ್ತೂ ಒಮ್ಮೆ ನೋಡಿದಳು. ಹಬ್ಬದ ಜನ ಸುತ್ತ ನೆರೆಯಿತು. 'ಹಿಂದಿನಿಂದ ತಳ್ರೋ', 'ಸೊಂಟಕ್ಕೆ ಟವಲ್ ಹಾಕ್ರೋ' ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ಟೀ ಅಂಗಡಿಯವನೂ ಹೂವಿನವನೂ ಅವಳ ಕಂಕುಳಿಗೆ ಕೈ ಹಾಕಿ, ಮೂಟೆ ಇಳಿಸಿದ ಹಾಗೆ ಎತ್ತಿ ನಿಲ್ಲಿಸಿದರು. ಸೆರಗು ಜಾರಿತ್ತು. ನನ್ನ ಅಕ್ಕ, ಮಡಿ ಉಟ್ಟು ಗುಡಿಗೆ ಬಂದವಳು, ಗುಡಿಯ ಒಳಗೆ ಹೋಗಲಿಲ್ಲ. ಮನೆಗೆ ಬಿಡು ಎಂದಳು. ಆಟೋದಲ್ಲಿ ಬಿಟ್ಟೆ. ಇಳಿಯುವಾಗ 'ನನ್ ಕಾಲ ಮುಗೀತು ಕಣೆ ಸರ್ವಿ' ಎಂದಳು, ಅಳದೆ. ಅತ್ತಿದ್ದರೆ ನಾನು ಸಮಾಧಾನ ಮಾಡಬಹುದಿತ್ತು.

ಮಾರನೆ ದಿನವೇ ಶಿರಾ ಗೇಟಿನ ತಿಮ್ಮೇಶನ ಗ್ಯಾರೇಜಿಗೆ ಹೋದೆ. ಅವನು ನನ್ನನ್ನು ಕಂಡು ಪಾನಾ ಹುಡುಕುವ ನೆಪದಲ್ಲಿ ಒಳಗೆ ನುಸುಳಿದ. ನಾನು ಬಿಡುವವಳಲ್ಲ ಎಂದು ನಿನಗೂ ಗೊತ್ತು. ಕಾರು ಎತ್ತಿಸಿ ನೋಡಿದರೆ ಹೊಸ ಸ್ಪ್ರಿಂಗೂ ಇಲ್ಲ, ಮಣ್ಣೂ ಇಲ್ಲ. ಆ ಕಾರು ಇಂಗ್ಲೆಂಡಿನಿಂದ ಬರುವಾಗ ತಂದಿದ್ದ ಸ್ಪ್ರಿಂಗುಗಳನ್ನೇ ಗ್ರೈಂಡರಿನಲ್ಲಿ ಕತ್ತರಿಸಿದ್ದೀಯ. ಹಿಂದುಗಡೆ ಆಕ್ಸಲ್ಲಿಗೂ ಸ್ಪ್ರಿಂಗ್ ಪಟ್ಟಿಗೂ ಮಧ್ಯೆ ಕಬ್ಬಿಣದ ತುಂಡು ಸೇರಿಸಿ ಆ ಭಾಗವನ್ನೂ ತಗ್ಗಿಸಿ ಕೂರಿಸಿದ್ದೀಯ. ಯಾಕೆ ಕತ್ತರಿಸಿದಿರಿ ಎಂದು ತಿಮ್ಮೇಶನನ್ನು ಕೇಳಿದೆ. ಬಾಯಿ ಬಿಟ್ಟ. 'ನಾನ್ ಬ್ಯಾಡ ಅಂದೆ ಅಮ್ಮಾ. ಅಣ್ಣಾವ್ರು, ನಮ್ಮಮ್ಮ ಇದನ್ನ ಓಡ್ಸೋದು ಬುಡ್ಬೇಕು, ಬಾಯಲ್ಲಿ ಹೇಳುದ್ರೆ ಕೇಳಲ್ಲ, ಒಂದೆರಡ್ ಸಲ ಕೆಳಗೆ ಹೊಡೆದ್ರೆ ತಾನೇ ಬೇಜಾರಾಗಿ ಮೂಲೆಗಾಕ್ತಾರೆ ಅಂದ್ರು.' ಅಷ್ಟೇ ಅಲ್ಲ. 'ಯಜಮಾನ್ರಿಗೂ ಗೊತ್ತು' ಎಂದ.

ನಿಮ್ಮಪ್ಪನ ವಿಚಾರಣೆ ನಾನು ಮಾಡಿಯಾಯಿತು, ನೀನು ಅವರಿಗೆ ಫೋನ್ ಮಾಡಿ ಧೈರ್ಯ ಹೇಳುವ ಅಗತ್ಯವಿಲ್ಲ. ಮೊದಲು 'ಏನದು, ನಂಗೇನ್ ಗೊತ್ತು' ಎಂದರು. ಆಮೇಲೆ 'ಅವ್ನು ನಿನ್ ಒಳ್ಳೇದಕ್ಕೇ ಮಾಡಿರೋದು ಕಣೆ' ಎಂದರು. ಆಮೇಲೆ ನಿಜ ಹೊರಗೆ ಬಂತು. ಗೂಳೂರಿನ ಗೃಹಪ್ರವೇಶದಲ್ಲಿ ನಾನು ಆ ಕಾರಿನಿಂದ ಇಳಿದಾಗ ನಿನ್ನ ಮಾವನವರು 'ಬೀಗಿತ್ತಿಯವ್ರು ರೇಸಿಗೆ ಹೊರಟಂಗಿದೆ' ಎಂದು ಪಂಕ್ತಿಯಲ್ಲೆಲ್ಲ ನಗಿಸಿದರಂತಲ್ಲ. ನನಗೂ ಕೇಳಿಸಿತ್ತು. ನಾನು ಅವರಿಗೆ, ಬನ್ನಿ, ಒಂದು ರೌಂಡ್ ಕರೆದುಕೊಂಡು ಹೋಗುತ್ತೇನೆ ಎಂದೆ, ಅವರು ಹೆದರಿ ಬರಲಿಲ್ಲ. ನನ್ನ ಪಾಲಿಗೆ ಅದು ಅಲ್ಲಿಗೆ ಮುಗಿದಿತ್ತು. ನೀನು ಮಾತ್ರ ಎಲೆಯ ಮೇಲಿನ ಕೋಸಂಬರಿ ನೋಡುತ್ತ ಕೂತಿದ್ದೆ. ಆ ನಗು ನಿನ್ನ ಹೊಟ್ಟೆಯಲ್ಲಿ ಕೂತು ಇಷ್ಟು ದಿನ ಬೇಯುತ್ತಿತ್ತು ಎಂದು ನನಗೆ ಗೊತ್ತಾಗಲಿಲ್ಲ. ಅಮ್ಮನ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಅಪಾಯ, ಎಂದೆಯಂತೆ ಅಪ್ಪನ ಹತ್ತಿರ. ಕಣ್ಣಿನ ಡಾಕ್ಟರೇ ಓಡಿಸಬಹುದು ಎಂದಿದ್ದಾರೆ, ಲೈಸೆನ್ಸು ರಿನ್ಯೂ ಆಗಿದೆ, ನೀನೇ ಕೈ ಹಿಡಿದು ಆರ್.ಟಿ.ಓ. ಆಫೀಸಿಗೆ ಕರೆದುಕೊಂಡು ಹೋಗಿದ್ದೆ. ಕಣ್ಣಿನ ಮಾತೆಲ್ಲ ಬೇಡ. ನಾಚಿಕೆಯಾಗಿತ್ತು, ನಾಚಿಕೆ ಎಂದು ಹೇಳು.

ಹೇಳಿದ್ದರೆ ಏನಾಗುತ್ತಿತ್ತು ಗೊತ್ತೇ? ಜಗಳ ಆಗುತ್ತಿತ್ತು. ನಾನು ಪಾತ್ರೆ ಕುಕ್ಕುತ್ತಿದ್ದೆ, ನೀನು ಬಾಗಿಲು ಬಡಿಯುತ್ತಿದ್ದೆ, ನಿಮ್ಮಪ್ಪ ಮಠಕ್ಕೆ ಹೋಗಿ ಕೂರುತ್ತಿದ್ದರು, ಸಂಜೆಗೆ ಎಲ್ಲರೂ ಒಟ್ಟಿಗೆ ಉಪ್ಪಿಟ್ಟು ತಿನ್ನುತ್ತಿದ್ದೆವು. ನಮ್ಮ ಮನೆಯಲ್ಲಿ ಜಗಳಕ್ಕೇನು ಬರವೇ? ಜಗಳ ಆಡಲಿಕ್ಕೂ ನಾನು ಲಾಯಕ್ಕಿಲ್ಲ ಎಂದುಕೊಂಡೆಯಲ್ಲ, ಅದಕ್ಕೆ ನನ್ನ ಮೈ ಉರಿಯುವುದು. ಮಕ್ಕಳ ಕೈಯಿಂದ ಕತ್ತರಿ ಕಿತ್ತುಕೊಂಡು ಬೀರುವಿನ ಮೇಲೆ ಬಚ್ಚಿಡುತ್ತಾರಲ್ಲ, ಹಾಗೆ ನನ್ನನ್ನು ನಡೆಸಿಕೊಂಡೆ. ನಗುತ್ತ ಕಾಲಿಗೆ ಬಿದ್ದು ಬೇರೆ ಮಾಡಿದೆ. ಮತ್ತೆ, ಮಾಡಿದ್ದನ್ನಾದರೂ ನೆಟ್ಟಗೆ ಮಾಡಿದೆಯಾ? ಸ್ಪ್ರಿಂಗಿನ ಸುತ್ತು ಕತ್ತರಿಸಿದರೆ ಅದು ಗಿಡ್ಡ ಆಗುವುದಷ್ಟೇ ಅಲ್ಲ, ಗಡಸೂ ಆಗುತ್ತದೆ ಎಂದು ನಿನಗೆ ಬಾಲ್‌ಪೆನ್ನಿನ ಸ್ಪ್ರಿಂಗ್ ಹಿಡಿದು ತೋರಿಸಿಕೊಟ್ಟವಳು ನಾನು. ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಕಾರು ಜಾಕಿನ ಮೇಲೆ ನೇತಾಡುತ್ತಿರುವಾಗಲೇ ಬಿಗಿಸಿದ್ದೀಯ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರು ತಿರುಚಿಕೊಂಡು ಹರಿದುಹೋಗಿದೆ. ಮೆಕ್ಯಾನಿಕಲ್ ಪಾಠ ಹೇಳುತ್ತೀಯಂತೆ. ನಿನ್ನ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರನ್ನು ನೆನೆದರೆ ಅಯ್ಯೋ ಅನಿಸುತ್ತದೆ.

ಈಗ ಕಾರು ಎದ್ದು ನಿಂತಿದೆ, ಅದನ್ನೂ ತಿಳಿದುಕೋ. ಬೆಂಗಳೂರಿನಲ್ಲಿ ಇಂಥ ಕಾರುಗಳನ್ನು ಇಟ್ಟುಕೊಂಡಿರುವ ಒಬ್ಬರು ಒಂದು ಜೊತೆ ಒಳ್ಳೆ ಸ್ಪ್ರಿಂಗನ್ನು ಬಸ್ಸಿನ ಪಾರ್ಸಲಿನಲ್ಲಿ ಕಳಿಸಿಕೊಟ್ಟರು, ಹಿಂದಿನ ಕಬ್ಬಿಣದ ತುಂಡು ಕಿತ್ತು ಹೊಸ ರಬ್ಬರೂ ಹಾಕಿಸಿದೆ. ಶುಕ್ರವಾರ ಇಡೀ ದಿನ ನಾನು ತಿಮ್ಮೇಶನ ಗ್ಯಾರೇಜಿನಲ್ಲೇ ಇದ್ದೆ. ಎತ್ತರ ಕೂರಿಸುವುದು ಹೇಗೆಂದು ನೀನೂ ಕಲಿ. ಚಕ್ರಗಳ ಗಾಳಿ ಸರಿ ಇರಬೇಕು, ಟ್ಯಾಂಕು ಅರ್ಧ ತುಂಬಿರಬೇಕು, ಕಾರು ಸಮನೆಲದ ಮೇಲೆ ನಿಲ್ಲಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಅದರಲ್ಲಿ ಯಾರು ಕೂತು ಹೋಗುತ್ತಾರೋ ಅವರ ತೂಕ ಸೀಟಿನ ಮೇಲಿರಬೇಕು. ಖಾಲಿ ಕಾರಿನ ಎತ್ತರ ಅಳೆದರೆ ಅದು ಯಾರ ಉಪಯೋಗಕ್ಕೂ ಬರುವುದಿಲ್ಲ. ನನ್ನ ಸೀಟಿನಲ್ಲಿ ನಾನೇ ಕೂತೆ. ಪಕ್ಕದ ಸೀಟಿನಲ್ಲಿ ಕೊಬ್ಬರಿ ಮೂಟೆ ಇಡಿಸಿದೆ, ನಿನ್ನ ದೊಡ್ಡಮ್ಮನ ತೂಕದಷ್ಟು, ತಕ್ಕಡಿಗೆ ಹಾಕಿ ಸರಿಮಾಡಿಸಿ. ಅವಳ ತೂಕ ನನಗೆ ಹೇಗೆ ಗೊತ್ತು ಎನ್ನಬೇಡ, ಊರಿಗೆಲ್ಲ ಗೊತ್ತು, ಅವಳೇ ಹೇಳಿಕೊಂಡು ನಗುತ್ತಿದ್ದಳು. ಕಾರನ್ನು ಹಿಂದೆ ಮುಂದೆ ಉರುಳಿಸಿ, ನಾಲ್ಕು ಮೂಲೆ ಒತ್ತಿ ಬಿಟ್ಟು, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದೆವು. ಹಿಡಿದವರು ನಿಮ್ಮಪ್ಪ. ಬಿಳಿ ಪಂಚೆ ಕಟ್ಟಿಕೊಂಡು ಗ್ರೀಸಿನ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು, ನಾನು ಇನ್ನೊಂದು ಸಲ ಎಂದಾಗಲೆಲ್ಲ ಇನ್ನೊಂದು ಸಲ ಹಿಡಿದರು. ಅಕ್ಕ ಕೂರುವ ಕಡೆ ತಗ್ಗಿತ್ತು. ಆ ಕಡೆಯ ಸ್ಪ್ರಿಂಗಿನ ತಲೆಗೆ ವಾಷರಿನಂಥ ದಪ್ಪ ಬಿಲ್ಲೆ ಹಾಕಿಸಿ ಸಮ ಮಾಡಿಸಿದೆ, ಆಮೇಲೆ ಕಾರು ನೆಲದ ಮೇಲೆ ನಿಂತಿರುವಾಗಲೇ, ತೂಕ ಮೇಲಿರುವಾಗಲೇ, ಬೋಲ್ಟು ಬಿಗಿಸಿದೆ. ತಿಮ್ಮೇಶ 'ಅಮ್ಮಾ, ಹಿಂಗ್ ಮಾಡುದ್ರೆ ನೀವ್ ಒಬ್ರೇ ಹೋಗುವಾಗ ಕಾರು ಸೊಟ್ಟ ಕಾಣ್ತದೆ' ಎಂದ. ಕಾಣಲಿ, ನಾನೊಬ್ಬಳೇ ಹೋಗಲಿಕ್ಕೆ ಇದನ್ನು ಕೊಂಡಿಲ್ಲ ಎಂದೆ.

ನಿನ್ನೆ ಅದನ್ನು ತೆಗೆದುಕೊಂಡು ಗುಬ್ಬಿಗೆ ಹೋದೆ. ಅಕ್ಕನ ಮನೆ ಮುಂದೆ ನಿಲ್ಲಿಸಿ ಹಾರ್ನ್ ಮಾಡಿದೆ, ಎಂದಿನಂತೆ ಎರಡು ಸಲ. ಬಾಗಿಲಲ್ಲಿ ಯಾರೂ ಕೂತಿರಲಿಲ್ಲ. ಒಳಗೆ ಹೋದರೆ ಅಕ್ಕ ಹಾಲಿನ ಮೂಲೆಯಲ್ಲಿ ಕೈಯಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ, ನೈಟಿ ಮೇಲೆ ಟವಲ್ ಹೊದ್ದು ಕೂತಿದ್ದಳು. ಹಿತ್ತಲಿಗೆ ಹೋಗಲೂ ಸೊಸೆಯ ಹೆಗಲು ಹಿಡಿಯುತ್ತಾಳಂತೆ. ಹತ್ತು ದಿನದ ಹಿಂದೆ ತಾನೇ ಮೆಟ್ಟಿಲು ಹತ್ತಿ ತಾರಸಿಗೆ ಸಂಡಿಗೆ ಇಟ್ಟು ಬರುತ್ತಿದ್ದವಳು ಅವಳು. ಬಾ ಅಕ್ಕಾ, ಕಾರು ಸರಿಹೋಗಿದೆ, ಎತ್ತರ ಮಾಡಿಸಿದ್ದೇನೆ ಎಂದೆ. 'ಬುಡು ಸರ್ವಿ. ಕಾರಿಂದೇನ್ ತಪ್ಪು? ನನ್ ಮೈಯೇ ಸೋತೋಗದೆ' ಎಂದಳು. ನಾನು ಅವಳ ಕಾಲ ಬಳಿ ಕೂತು, ನಿನ್ನ ಮೈಗೆ ಏನೂ ಆಗಿಲ್ಲ, ಅವತ್ತು ಕಾರು ತಗ್ಗಿತ್ತು, ಸೋಮು ಅದನ್ನು ತಗ್ಗಿಸಿಬಿಟ್ಟಿದ್ದ ಎಂದೆ. ಅವಳ ಮುಖ ಗಂಟಾಯಿತು. 'ಸೋಮು ಕೈಯಿಟ್ಟು ರಿಪೇರಿ ಮಾಡಿದ್ ಕಾರು ಅದು. ನಿಂಗೆ ನನ್ ಸಮಾಧಾನ ಮಾಡ್ಬೇಕು ಅಂತಿದ್ರೆ ಬೇರೆ ಏನಾದ್ರೂ ಹೇಳು, ನನ್ ಮಗನ್ ಮೇಲೆ ಹಾಕ್ಬೇಡ' ಎಂದಳು. ಬೇಕೆಂತಲೇ ಮಾಡಿದ ಎಂದು ಹೇಳಲು ನನ್ನ ಬಾಯಿಗೆ ಬಂದಿತ್ತು. ಹೇಳಿದರೂ ಅವಳು ನಂಬುವುದಿಲ್ಲ. ನನ್ನನ್ನು ಮನೆಯಿಂದ ಕಳಿಸುತ್ತಾಳೆ ಅಷ್ಟೇ.

ವಾಪಸ್ ಬರುವಾಗ ಕಾರು ದಾರಿಯುದ್ದಕ್ಕೂ ನನ್ನ ಕಡೆಗೆ ವಾಲಿಕೊಂಡೇ ಬಂತು. ನಿನ್ನ ಮೇಲೆ ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ ಸೋಮು. ನೀನು ಪಿ.ಯು.ಸಿ.ಯಲ್ಲಿ ಫೇಲಾಗಿ ಸುಳ್ಳು ಹೇಳಿದಾಗಲೂ ಬಂದಿರಲಿಲ್ಲ. ನನ್ನನ್ನು ಮೂಲೆಗೆ ಕೂರಿಸಲು ಹೊರಟೆ. ನಾನು ಕೂರುವವಳಲ್ಲ. ಕೂತದ್ದು ಅವಳು.

ಇನ್ನೇನು ಬರೆಯಲಿ? ಕತ್ತರಿಸಿದ ಸ್ಪ್ರಿಂಗುಗಳನ್ನು ತೊಳೆದು ಒರೆಸಿ ನಿನ್ನ ಕೋಣೆಯ ಮಂಚದ ಮೇಲೆ, ದಿಂಬಿನ ಪಕ್ಕದಲ್ಲಿ ಇಟ್ಟಿದ್ದೇನೆ, ಬಂದಾಗ ತಬ್ಬಿಕೊಂಡು ಮಲಗು. ದೀಪಾವಳಿಗೆ ಕಜ್ಜಾಯ ಮಾಡುತ್ತೇನೆ, ದೀಪಿಕಾಳ ಪಾಲು ಬೇರೆ ಡಬ್ಬಿಗೆ ಹಾಕುತ್ತೇನೆ, ನಿನ್ನದರ ಬಗ್ಗೆ ಇನ್ನೂ ಯೋಚನೆ ಮಾಡಿಲ್ಲ. ಅವಳಿಗೆ ಈ ಕಾಗದ ತೋರಿಸು, ತೋರಿಸದಿದ್ದರೆ ನಾನೇ ಓದಿ ಹೇಳುತ್ತೇನೆ. ನಿನ್ನ ಮಾವನವರಿಗೆ ನನ್ನ ಶರಣು ತಿಳಿಸು, ರೌಂಡ್ ಹೋಗುವ ಮಾತು ಇನ್ನೂ ಹಾಗೇ ಇದೆ ಎಂದೂ ಹೇಳು. ನಿಮ್ಮಪ್ಪ ಪಕ್ಕದಲ್ಲಿ ನಿಂತು 'ನನ್ ಆಶೀರ್ವಾದಾನೂ ಬರಿ' ಎನ್ನುತ್ತಿದ್ದಾರೆ. ಬರೆದಿದ್ದೇನೆ. ಶಿವ ನಿನಗೆ ಒಳ್ಳೆಯದು ಮಾಡಲಿ, ಆದರೆ ಮೊದಲು ಒಳ್ಳೆ ಬುದ್ಧಿ ಕೊಡಲಿ.

ನಿನ್ನ ತಾಯಿ,
ಸರ್ವಮಂಗಳ

ತಾ.ಕ.: ಕವರು ಅಂಟಿಸುವಾಗ ಗುಬ್ಬಿಯಿಂದ ಫೋನ್ ಬಂತು. ಅಕ್ಕನ ಮಕ್ಕಳು ಬಲಿಪಾಡ್ಯಮಿಗೆ ಅಮ್ಮನಿಗೆ ವೀಲ್‌ಚೇರ್ ತರುತ್ತಾರಂತೆ, ಉಡುಗೊರೆಯ ಹಾಗೆ. ಅಕ್ಕ ಬೇಡ ಎನ್ನಲಿಲ್ಲವಂತೆ. ಒಂದು ಸಲ ಅದರಲ್ಲಿ ಕೂತಳೋ, ಅವಳು ಮತ್ತೆ ಏಳುವುದಿಲ್ಲ, ಅವಳ ಹಟ ನನಗೆ ಗೊತ್ತು. ನನ್ನ ಮಾತನ್ನು ಅವಳು ನಂಬುವುದಿಲ್ಲ, ನಿನ್ನ ಮಾತನ್ನು ನಂಬುತ್ತಾಳೆ. ಆದ್ದರಿಂದ ಹಬ್ಬಕ್ಕೆ ನೀನು ನೇರ ಇಲ್ಲಿಗೆ ಬರಬೇಡ, ಬಂದರೂ ಬಾಗಿಲು ತೆಗೆಯುವುದಿಲ್ಲ. ಆ ಕುರ್ಚಿ ಬರುವುದಕ್ಕೆ ಮುಂಚೆ ಗುಬ್ಬಿಗೆ ಹೋಗು. ಅವಳ ಮಕ್ಕಳು ಸೊಸೆಯರೆಲ್ಲ ಇರುವಾಗ ಅವಳ ಮುಂದೆ ನಿಂತು, ದೊಡ್ಡಮ್ಮಾ, ನಿನ್ನ ಕಾಲಿಗೆ ಏನೂ ಆಗಿಲ್ಲ, ಅಮ್ಮ ಓಡಿಸಬಾರದು ಎಂದು ನಾನೇ ಬೇಕೆಂತಲೇ ಕಾರು ತಗ್ಗಿಸಿದ್ದು ಎಂದು ನಿನ್ನ ಬಾಯಲ್ಲಿ ಹೇಳು. ತಿಮ್ಮೇಶನ ಮೇಲೆ ಹಾಕಬೇಡ, ಸೇಫ್ಟಿ ಎನ್ನಬೇಡ. ಹೇಳಿದ ಮೇಲೆ ಅವಳು ಮತ್ತೆ ನಿನ್ನನ್ನು ನನ್ನ ಮಗ ಎನ್ನದೆ ಇರಬಹುದು. ನಿನ್ನ ಮುಖವನ್ನೂ ನೋಡದೆ ಎದ್ದು ಒಳಗೆ ಹೋಗಬಹುದು. ಎದ್ದು ಹೋಗಲಿ ಕಣೋ, ನನಗೆ ಅಷ್ಟೇ ಬೇಕಾಗಿರುವುದು.